ಒಂದೇ ಲಡಿ ದುಬಾರಿ ನೂಲು: ಮೊದಲು ತೂಗಿ, ಆಮೇಲೆ ಹೆಣೆಯಿರಿ

ಕೈಗೆ ಮೆತ್ತಗೆ ಸಿಕ್ಕಿತು, ಬಣ್ಣ ಕಣ್ಣಿಗೆ ಹಿಡಿಸಿತು ಎಂದು ಕೊಂಡುಬಿಟ್ಟ ನೂಲು ಕ್ರೋಶಾ (ಒಂದೇ ಕೊಕ್ಕೆಕಡ್ಡಿಯ ಹೆಣಿಗೆ) ಹಾಕುವವರ ಬುಟ್ಟಿಯಲ್ಲಿ ಒಂದಾದರೂ ಇದ್ದೇ ಇರುತ್ತದೆ. ಕೈಬಣ್ಣದ ಮೆರಿನೋ ಉಣ್ಣೆಯ ಒಂದೇ ಲಡಿ, ರೇಷ್ಮೆ ಬೆರೆತ ಮೊಹೇರ್‌ನ (ಅಂಗೋರಾ ಆಡಿನ ಕೂದಲ ನೂಲು) 25 ಗ್ರಾಂ ಉಂಡೆ, ವಿದೇಶದಲ್ಲಿರುವ ಮಕ್ಕಳು ಬರುವಾಗ ತಂದ ಕ್ಯಾಶ್ಮಿಯರ್ ಉಣ್ಣೆ. ಸ್ವೆಟರ್‌ಗೆ ಸಾಲದು, ಸುಮ್ಮನೆ ಏನಾದರೂ ಮಾಡಿ ಮುಗಿಸಲು ಮನಸ್ಸು ಬಾರದು. ಹೀಗಾಗಿ ವರ್ಷಗಟ್ಟಲೆ ಬುಟ್ಟಿಯಲ್ಲೇ ಕೂತು ಕೊನೆಗೆ ನುಸಿಯ ಪಾಲಾಗುತ್ತದೆ. ಇಂಥ ನೂಲಿಗೆ ವಿನ್ಯಾಸ ಹುಡುಕುವಾಗ ಹೆಚ್ಚಿನವರು ಚಿತ್ರ ನೋಡಿ ಶುರುಮಾಡುತ್ತಾರೆ. ಎಡವುವುದು ಅಲ್ಲೇ. ನೂಲು ಎಷ್ಟು ಮೀಟರ್ ಇದೆ ಎಂಬುದು ಮೊದಲು ಗೊತ್ತಾಗಬೇಕು. ಅದಾದ ಮೇಲೆ, ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ವಿನ್ಯಾಸವನ್ನೇ ಆರಿಸಬೇಕು.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದಕ್ಕೆ ಸಾಕು. ಲೇಬಲ್‌ನಲ್ಲಿ 50 ಗ್ರಾಂಗೆ 200 ಮೀಟರ್ ಎಂದಿದ್ದರೆ ಗ್ರಾಂಗೆ 4 ಮೀಟರ್ ಲೆಕ್ಕ. ಉಳಿದ ಉಂಡೆ 18 ಗ್ರಾಂ ತೂಗಿದರೆ ಕೈಯಲ್ಲಿರುವುದು 72 ಮೀಟರ್. ಬರೀ ಗ್ರಾಂ ನೋಡಿ ಮೋಸಹೋಗಬೇಡಿ. ಕಾಲುಚೀಲಕ್ಕೆ ಬಳಸುವಂಥ ತೆಳು ನೂಲು 100 ಗ್ರಾಂಗೆ ಸುಮಾರು 400 ಮೀಟರ್ ಬಂದರೆ, ಸ್ವೆಟರ್‌ನ ದಪ್ಪ ನೂಲು ಅಷ್ಟೇ ತೂಕಕ್ಕೆ 200 ಮೀಟರ್ ಬರುತ್ತದೆ. ಮೊಹೇರ್ ರೇಷ್ಮೆ ಮಿಶ್ರಣವಂತೂ 25 ಗ್ರಾಂನಲ್ಲೇ ಸುಮಾರು 210 ಮೀಟರ್ ಇರುತ್ತದೆ. ಅಂಗೈಯಲ್ಲಿ ಅಡಗುವ ಆ ಉಂಡೆಯಿಂದ ಇಡೀ ಸ್ಕಾರ್ಫ್ ಆಗುತ್ತದೆ. ಲೇಬಲ್ ಕಳೆದುಹೋಗಿದ್ದರೆ ಹತ್ತು ಮೀಟರ್ ಅಳೆದು ತೂಗಿ. ಒಂದು ಗ್ರಾಂಗಿಂತ ಸೂಕ್ಷ್ಮವಾಗಿ ತೂಗುವ ತಕ್ಕಡಿ ಇಲ್ಲದಿದ್ದರೆ ಇಪ್ಪತ್ತೈದು ಮೀಟರ್ ಅಳೆಯಿರಿ, ಲೆಕ್ಕ ಹೆಚ್ಚು ಸರಿಬರುತ್ತದೆ.

ಒಂದೇ ಅಳತೆಯ ಬಟ್ಟೆಗೆ ಎರಡು ಕಡ್ಡಿಯ ಹೆಣಿಗೆಗಿಂತ ಕ್ರೋಶಾ ಹೆಚ್ಚು ನೂಲು ತಿನ್ನುತ್ತದೆ. ಅದರಲ್ಲೂ ಗಿಡ್ಡವಾದ, ಒತ್ತಾದ ಸಿಂಗಲ್ ಕ್ರೋಶಾ ಇನ್ನೂ ಹೆಚ್ಚು. ದಾರವನ್ನು ಒಮ್ಮೆ ಕೊಕ್ಕೆಕಡ್ಡಿಗೆ ಸುತ್ತಿಕೊಂಡು ಹಾಕುವ ಎತ್ತರದ ಡಬಲ್ ಕ್ರೋಶಾ, ನಡುವೆ ಚೈನು (ಸರಪಳಿಯಂಥ ಸಾದಾ ಕುಣಿಕೆ) ಬಿಟ್ಟು ಮಾಡುವ ಜಾಲರಿ, ಇವು ನೂಲನ್ನು ಉಳಿಸುತ್ತವೆ. ಇಲ್ಲಿ ಹೆಸರಿನ ಗೊಂದಲವೊಂದಿದೆ. ಬ್ರಿಟನ್ನಿನ ಪುಸ್ತಕಗಳು ಡಬಲ್ ಎನ್ನುವುದು ಅಮೆರಿಕದವರ ಸಿಂಗಲ್. ನಮ್ಮ ಮನೆಗಳಲ್ಲಿರುವ ಹಳೆಯ ಇಂಗ್ಲಿಷ್ ಪುಸ್ತಕಗಳು ಹೆಚ್ಚಾಗಿ ಬ್ರಿಟಿಷ್ ಪದ್ಧತಿಯವು, ಈಗ ನೋಡುವ ವಿಡಿಯೋಗಳು ಹೆಚ್ಚಾಗಿ ಅಮೆರಿಕದವು. ಎರಡನ್ನೂ ಬೆರೆಸಿಕೊಂಡರೆ ಲೆಕ್ಕ ಹಾಕಿದ ನೂಲು ಅರ್ಧದಾರಿಯಲ್ಲೇ ಮುಗಿಯುತ್ತದೆ. ಈ ಬರಹದಲ್ಲಿರುವುದು ಅಮೆರಿಕದ ಹೆಸರುಗಳು.

ಯಾವ ವಸ್ತು ಮಾಡಬೇಕು? ಈ ನೂಲಿಗೆ ದುಡ್ಡು ಕೊಟ್ಟದ್ದು ಅದರ ಮೃದುತನಕ್ಕೆ ಮತ್ತು ಬಣ್ಣಕ್ಕೆ. ಹಾಗಾಗಿ ಅದು ಚರ್ಮಕ್ಕೆ ತಾಗುವ ಕಡೆ ಇರಬೇಕು: ಕತ್ತು, ಮಣಿಕಟ್ಟು, ಕಿವಿ, ಕೂಸಿನ ತಲೆ. ಲೋಟದಡಿಯ ಬಿಲ್ಲೆ, ಗೊಂಬೆ, ಚೀಲ ಇವಕ್ಕೆ ಮೆರಿನೋ ಬಳಸಿದರೆ ವ್ಯರ್ಥ. ಗೊಂಬೆಗೆ ಹತ್ತಿ ತುಂಬಬೇಕಾದ್ದರಿಂದ ಹೆಣಿಗೆ ಬಿಗಿಯಾಗಲೇಬೇಕು, ಆಗ ಮೃದುತನವೇ ಹೊರಟುಹೋಗುತ್ತದೆ. ಮೃದುವಾದ ನೂಲಿನ ಚೀಲ ಎರಡೇ ವಾರದಲ್ಲಿ ಜೋತುಬೀಳುತ್ತದೆ. ಅವಕ್ಕೆ ವರ್ಧಮಾನ್, ಓಸ್ವಾಲ್ ಬ್ರಾಂಡಿನಂಥ ಅಕ್ರಿಲಿಕ್ ಅಥವಾ ಹತ್ತಿ ದಾರವೇ ಸರಿ.

100 ಗ್ರಾಂ, 400 ಮೀಟರ್‌ನ ಒಂದು ಲಡಿ ಇದ್ದರೆ ಹೆಚ್ಚು ಯೋಚಿಸದೆ ತ್ರಿಕೋನದ ಹೆಗಲ ಶಾಲು ಮಾಡಿ. ಅದೇ ನೂಲಿಗೆ ಒತ್ತು ಹೆಣಿಗೆಯಾದರೆ 3 ಅಥವಾ 3.5 ಮಿ.ಮೀ. ಕಡ್ಡಿ ಬೇಕು, ಶಾಲಿಗೆ 4 ಅಥವಾ 4.5 ಹಿಡಿಯಿರಿ. ಬಟ್ಟೆ ಇಳಿಬಿದ್ದು ಚೆನ್ನಾಗಿ ಕಾಣುತ್ತದೆ, ನೂಲೂ ದೂರ ಹೋಗುತ್ತದೆ. ಕತ್ತಿನ ನಡುವಿನಿಂದ ನಾಲ್ಕು ಚೈನಿನ ಉಂಗುರದಲ್ಲಿ ಶುರುಮಾಡಿ, ಪ್ರತಿ ಸಾಲಿನಲ್ಲಿ ಎರಡು ತುದಿಗೂ ನಡುವಿನ ಬೆನ್ನೆಲುಬಿಗೂ ಹೆಣಿಗೆ ಹೆಚ್ಚಿಸುತ್ತ ಹೋದರೆ ಸಾಕು. ಡಬಲ್ ಕ್ರೋಶಾ ಸಾಲುಗಳನ್ನೂ ಜಾಲರಿ ಸಾಲುಗಳನ್ನೂ ಬೆರೆಸಿದರೆ 130ರಿಂದ 150 ಸೆಂ.ಮೀ. ಅಗಲ ಬರುತ್ತದೆ.

ಈ ಶಾಲಿನಲ್ಲಿ ಜನ ಸೋಲುವುದು ಕೊನೆಯಲ್ಲಿ. ಸಾಲು ಸಾಲಿಗೂ ಉದ್ದ ಹೆಚ್ಚುವುದರಿಂದ ಅರ್ಧದಷ್ಟು ಸಾಲುಗಳು ಮುಗಿದಾಗ ಅರ್ಧ ನೂಲು ಮುಗಿದಿರುವುದಿಲ್ಲ. 40 ಸಾಲಿನ ಶಾಲಿನಲ್ಲಿ ಅರ್ಧ ನೂಲು ಖರ್ಚಾಗುವುದು ಸುಮಾರು 28ನೇ ಸಾಲಿಗೆ, ಉಳಿದ ಹನ್ನೆರಡು ಸಾಲುಗಳೇ ಮಿಕ್ಕ ಅರ್ಧವನ್ನು ನುಂಗುತ್ತವೆ. 40ನೇ ಸಾಲೊಂದೇ ಒಟ್ಟು ನೂಲಿನ ನೂರರಲ್ಲಿ ಐದು ಪಾಲು ಬೇಡುತ್ತದೆ. ಮೊಗ್ಗಿನಂಥ ತುದಿಗಳಿರುವ ಅಂಚು ಹಾಕುವುದಾದರೆ ಸಾದಾ ಸಾಲಿನ ಎರಡು ಮೂರು ಪಟ್ಟು ಬೇಕು. ಆದ್ದರಿಂದ 100 ಗ್ರಾಂ ಲಡಿಯಲ್ಲಿ 15 ಗ್ರಾಂ ಉಳಿದಿರುವಾಗಲೇ ಅಂಚಿಗೆ ಇಳಿಯಬೇಕು. 25ನೇ ಸಾಲು ದಾಟಿದ ಮೇಲೆ ಪ್ರತಿ ಸಾಲು ಮುಗಿಸಿದಾಗಲೂ ಉಂಡೆ ತೂಗಿ ಚೀಟಿಯಲ್ಲಿ ಬರೆದಿಡಿ. ಇದನ್ನು ಬೇಸರದ ಕೆಲಸ ಎಂದುಕೊಳ್ಳಬೇಡಿ, ಅಂಚಿನ ಕೊನೆಯ ಒಂದು ಗೇಣಿಗೆ ನೂಲು ಸಾಲದೆ ಹೋದರೆ ಬಿಚ್ಚುವುದು ಎರಡು ಸಂಜೆಯ ಕೆಲಸ.

ಲೆಕ್ಕವೇ ಬೇಡ ಎನ್ನುವವರಿಗೆ ಪಕ್ಕದಿಂದ ಪಕ್ಕಕ್ಕೆ ಹೋಗುವ ಸ್ಕಾರ್ಫ್ ಇದೆ. ಮೂರು ಹೆಣಿಗೆಯಿಂದ ಶುರುಮಾಡಿ, ಎರಡು ಸಾಲಿಗೊಮ್ಮೆ ಒಂದೇ ಬದಿಯಲ್ಲಿ ಒಂದೊಂದು ಹೆಚ್ಚಿಸುತ್ತ ಹೋಗಿ. ಉಂಡೆ ಅರ್ಧ ತೂಕಕ್ಕೆ ಬಂದಾಗ, ಎರಡು ಗ್ರಾಂ ಬಾಲಕ್ಕೆಂದು (ಕೊನೆಗೆ ಒಳಸೇರಿಸುವ ತುದಿಗೆ) ಬಿಟ್ಟು, ಅದೇ ಬದಿಯಲ್ಲಿ ಒಂದೊಂದು ಕಡಿಮೆ ಮಾಡುತ್ತ ಬನ್ನಿ. ನೂಲು ಮುಗಿಯುವಾಗ ಸ್ಕಾರ್ಫ್ ತಾನಾಗಿ ಮುಗಿಯುತ್ತದೆ. ಎಷ್ಟೇ ನೂಲಿದ್ದರೂ ಇದು ಹೊಂದುತ್ತದೆ. ಗೊತ್ತಿಲ್ಲದ ನೂಲಿಗೆ ಇದಕ್ಕಿಂತ ಒಳ್ಳೆಯ ವಿನ್ಯಾಸ ಇನ್ನೊಂದಿಲ್ಲ.

ಮೊಹೇರ್ ಉಂಡೆಗೆ 5.5 ಮಿ.ಮೀ. ಕಡ್ಡಿ ಹಿಡಿದು ಒಂದು ಡಬಲ್, ಒಂದು ಚೈನು ಎಂದು ಜಾಲರಿ ಹಾಕಿದರೆ 210 ಮೀಟರ್‌ನಲ್ಲಿ 20 ಸೆಂ.ಮೀ. ಅಗಲ, ಸುಮಾರು 140 ಸೆಂ.ಮೀ. ಉದ್ದದ ಸ್ಕಾರ್ಫ್ ಆಗುತ್ತದೆ. ತೂಕವೇ ಇರದು, ಬೆಚ್ಚಗೂ ಇರುತ್ತದೆ. ಆದರೆ ಮೊಹೇರ್‌ನ ಕೂದಲು ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ತಪ್ಪಾದರೆ ಬಿಚ್ಚುವುದು ಕಷ್ಟ, ಎಳೆದರೆ ದಾರ ತುಂಡಾಗುತ್ತದೆ. ಹಾಗಾಗಿ ಅದೇ ವಿನ್ಯಾಸವನ್ನು ಅಗ್ಗದ ನೂಲಿನಲ್ಲಿ ಆರು ಸಾಲು ಹಾಕಿ ಕೈಗೆ ಕೂರಿಸಿಕೊಂಡು ಆಮೇಲೆ ಮೊಹೇರ್ ಮುಟ್ಟಿ. ಬಿಚ್ಚಲೇಬೇಕಾಗಿ ಬಂದರೆ ಕವರ್‌ನಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಒಂದು ಗಂಟೆ ಇಡಿ, ಕೂದಲು ಸ್ವಲ್ಪ ಸಡಿಲವಾಗಿ ಬಿಡಿಸಿಕೊಳ್ಳುತ್ತದೆ. ಎಳೆಗೂಸಿನ ಬಟ್ಟೆಗೆ ಮಾತ್ರ ಮೊಹೇರ್ ಬೇಡವೇ ಬೇಡ, ಉದುರಿದ ಕೂದಲು ಬಾಯಿಗೂ ಮೂಗಿಗೂ ಹೋಗುತ್ತದೆ.

ಕೂಸಿಗೆ ಎಂದರೆ ಕುಲಾವಿ. ಮೃದು ಮೆರಿನೋ 40 ಗ್ರಾಂ, ಗ್ರಾಂಗೆ ಎರಡೂವರೆ ಮೀಟರ್ ಬರುವಂಥ ಮಧ್ಯಮ ದಪ್ಪದ್ದಾದರೆ ಸಾಕು. ನೆತ್ತಿಯ ಬಿಲ್ಲೆಯ ಅಡ್ಡಳತೆ ಸರಿಯಾದರೆ ಟೋಪಿ ಸರಿ. ತಲೆಯ ಸುತ್ತಳತೆಯಲ್ಲಿ ಎರಡು ಸೆಂ.ಮೀ. ಕಳೆದು 3.14ರಿಂದ ಭಾಗಿಸಿ. 42 ಸೆಂ.ಮೀ. ತಲೆಗೆ 40 ಭಾಗಿಸು 3.14, ಅಂದರೆ ಸುಮಾರು 12.7 ಸೆಂ.ಮೀ.ನಷ್ಟು ಬಿಲ್ಲೆ ಬರುವವರೆಗೆ ಸುತ್ತಿಗೆ 12 ಡಬಲ್‌ನಂತೆ ಹೆಚ್ಚಿಸಿ, ಆಮೇಲೆ ಹೆಚ್ಚಿಸದೆ ನೇರ ಇಳಿಯಿರಿ. ಬಿಲ್ಲೆ ಬಟ್ಟಲಿನಂತೆ ಮೇಲೇಳುತ್ತಿದ್ದರೆ ಹೆಚ್ಚಿಸಿದ್ದು ಕಡಿಮೆ, ಅಂಚು ಅಲೆಅಲೆಯಾದರೆ ಹೆಚ್ಚಾಯಿತು. ನೆತ್ತಿಯಿಂದ ಕೆಳಕ್ಕೆ ಹೆಣೆದರೆ ನೂಲು ಮುಗಿದಲ್ಲಿ ನಿಲ್ಲಿಸಬಹುದು, ಸಾಲದಿದ್ದರೆ ಅಂಚಿನ ನಾಲ್ಕು ಸುತ್ತನ್ನು ಬೇರೆ ಬಣ್ಣದಲ್ಲಿ ಹಾಕಬಹುದು. ಕೆಳಗಿನಿಂದ ಮೇಲಕ್ಕೆ ಹೆಣೆಯಲು ಹೋಗಬೇಡಿ, ನೆತ್ತಿಯ ಹತ್ತಿರ ನೂಲು ಮುಗಿದರೆ ದಾರಿಯೇ ಇಲ್ಲ.

ಜೋಡಿ ವಸ್ತುಗಳಿಗೆ, ಅಂದರೆ ಬೆರಳಿಲ್ಲದ ಕೈಗವಸಿಗೆ, ಕೂಸಿನ ಕಾಲುಚೀಲಕ್ಕೆ, ನೂಲನ್ನು ಮೊದಲೇ ತೂಗಿ ಎರಡು ಸಮ ಉಂಡೆ ಮಾಡಿಕೊಳ್ಳಿ. ಕೈಗವಸನ್ನು ಮಣಿಕಟ್ಟಿನಿಂದ ಶುರುಮಾಡಿ ಬೆರಳಿನ ಕಡೆ ಹೋಗುವುದು ರೂಢಿ. ನೂಲು ಕಡಿಮೆಯಿದ್ದಾಗ ಬೆರಳಿನ ಕಡೆಯಿಂದ ಶುರುಮಾಡಿ, ಹೆಬ್ಬೆರಳ ಕಿಂಡಿ ಬಿಟ್ಟು, ಮಣಿಕಟ್ಟಿನ ಕೆಳಕ್ಕೆ ನೂಲಿರುವವರೆಗೂ ಹೆಣೆಯಿರಿ. ಮಡಿಕೇರಿ, ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿಗೆ 50 ಗ್ರಾಂನ ಇಂಥ ಒಂದು ಜೋಡಿ ಸಾಕು. ಮಂಗಳೂರು, ಕಾರವಾರದ ಕಡೆಯವರಿಗೆ ಉಣ್ಣೆ ಕೊಡುವುದು ತಪ್ಪು. ಅವರಿಗೆ ರೇಷ್ಮೆ ಅಥವಾ ಹತ್ತಿ ಬೆರೆತ ನೂಲೇ ಒಳ್ಳೆಯದು.

ರೇಷ್ಮೆ ನೂಲು 10 ಗ್ರಾಂ ಉಳಿದಿದ್ದರೆ ಸೀರೆ ಕುಚ್ಚಿಗಿಂತ ಚೆಂದದ ಬಳಕೆ ಇಲ್ಲ. ಸೆರಗಿನ ಅಗಲ 115 ಸೆಂ.ಮೀ. ಹಿಡಿದರೆ ಎರಡೂವರೆ ಸೆಂ.ಮೀ.ಗೊಂದರಂತೆ 45 ಕುಚ್ಚು ಬೇಕು. 5 ಸೆಂ.ಮೀ. ರಟ್ಟಿಗೆ ಹತ್ತು ಸುತ್ತು ಸುತ್ತಿದರೆ ಕುಚ್ಚಿಗೆ ಒಂದು ಮೀಟರ್, ಕಟ್ಟಲು 20 ಸೆಂ.ಮೀ., ಒಟ್ಟು 54 ಮೀಟರ್. ಕುಚ್ಚಿನ ಮೇಲಿನ ಮೂರು ಸಾಲು ಕ್ರೋಶಾ ಕಮಾನಿಗೆ ಇನ್ನೊಂದು 17 ಅಥವಾ 18 ಮೀಟರ್. ಗ್ರಾಂಗೆ 8 ಮೀಟರ್ ಬರುವ ತೆಳು ರೇಷ್ಮೆಯಾದರೆ 9 ಗ್ರಾಂನಲ್ಲಿ ಸೆರಗು ತುಂಬುತ್ತದೆ. ಮಾಮೂಲಿ ಕುಚ್ಚಿನ ದಾರಕ್ಕಿಂತ ಈ ನೂಲು ದಪ್ಪ, ಅದಕ್ಕಾಗಿ ದಪ್ಪ ಕಡ್ಡಿಯನ್ನು ಸೀರೆಗೆ ಚುಚ್ಚಬೇಡಿ, ಎಳೆ ಹರಿಯುತ್ತದೆ. ಸೆರಗಿನ ಅಂಚು ಮಡಿಸಿ ಹೊಲಿದು, ಸೂಜಿಯಲ್ಲಿ ಕಂಬಳಿ ಹೊಲಿಗೆ ಹಾಕಿ, ಆ ಹೊಲಿಗೆಯ ಎಳೆಯೊಳಗಿಂದ ಕ್ರೋಶಾ ತೆಗೆಯಿರಿ. ಅದಕ್ಕೂ ಮೊದಲು ಒಂದು ಗೇಣು ನೂಲನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಕೆಂಪು, ಕಡುನೀಲಿ ಕೈಬಣ್ಣಗಳು ಬಣ್ಣ ಬಿಟ್ಟು ಸೀರೆಯನ್ನೇ ಹಾಳುಮಾಡುತ್ತವೆ.

ಬಣ್ಣಬಣ್ಣದ ನೂಲಿಗೆ ಬೇರೆ ಪಥ್ಯ. ಮೋಟು ಮೋಟಾಗಿ ಬಣ್ಣ ಬದಲಾಗುವ ಲಡಿಯಲ್ಲಿ ಸೂಕ್ಷ್ಮ ಜಾಲರಿ ವಿನ್ಯಾಸ ಹಾಕಿದರೆ ಬಣ್ಣವೂ ಕಾಣದು, ವಿನ್ಯಾಸವೂ ಕಾಣದು. ಅದಕ್ಕೆ ಒಂದು ಸಿಂಗಲ್ ಒಂದು ಚೈನು ಹಾಕಿ, ಮುಂದಿನ ಸಾಲಿನಲ್ಲಿ ಆ ಚೈನಿನ ಕಿಂಡಿಯೊಳಗೇ ಸಿಂಗಲ್ ಹಾಕುವ ಹೆಣಿಗೆ ಸರಿ. ಬಣ್ಣಗಳು ಒಂದೇ ಕಡೆ ಮಡುಗಟ್ಟಿ ನಿಲ್ಲುವುದು ಇದರಲ್ಲಿ ಕಡಿಮೆ. ಜಪಾನಿನ ನೋರೋ ಕಂಪನಿಯದರಂತೆ ನಿಧಾನವಾಗಿ ಬಣ್ಣ ಬದಲಾಗುವ ನೂಲಿಗೆ ಸಾದಾ ಡಬಲ್ ಸಾಲೇ ಚೆಂದ. ಒಂದೇ ಬಣ್ಣದ ಎರಡು ಲಡಿ ಸಿಕ್ಕರೂ ಕೈಬಣ್ಣವಾದರೆ ಎರಡರ ಛಾಯೆ ಒಂದಾಗಿರದು, ಎರಡೆರಡು ಸಾಲಿಗೊಮ್ಮೆ ಲಡಿ ಬದಲಿಸಿ ಹೆಣೆದರೆ ಗೆರೆ ಕಾಣುವುದಿಲ್ಲ.

ಶುರುವಿನಲ್ಲಿ ಆಗುವ ಹಾನಿ ಒಂದಿದೆ. ಲಡಿಯನ್ನು ಕುರ್ಚಿಯ ಬೆನ್ನಿಗೆ ಹಾಕುವ ಮುನ್ನವೇ ಕಟ್ಟು ಬಿಚ್ಚಿದರೆ ಸಿಕ್ಕು ಬಿಡಿಸಲು ಒಂದು ದಿನ ಬೇಕು. ಕುರ್ಚಿಗೆ ಹಾಕಿ ಬಿಗಿಮಾಡಿಕೊಂಡು ಆಮೇಲೆ ಕಟ್ಟು ಕತ್ತರಿಸಿ. ಉಂಡೆ ಸುತ್ತುವಾಗ ಹೆಬ್ಬೆರಳನ್ನು ಒಳಗಿಟ್ಟೇ ಸುತ್ತಿ. ಬಿಗಿ ಉಂಡೆಯಲ್ಲಿ ಉಣ್ಣೆ ಹಿಗ್ಗಿಕೊಂಡಿರುತ್ತದೆ, ಹೆಣೆದು ತೊಳೆದ ಮೇಲೆ ಕುಗ್ಗಿ ಅಳತೆ ತಪ್ಪುತ್ತದೆ.

ನೂಲು ಜೋಡಿಸಲು ಎರಡು ತುದಿ ಒದ್ದೆ ಮಾಡಿ ಅಂಗೈಯಲ್ಲಿ ಉಜ್ಜುವ ಉಪಾಯ ಸಾದಾ ಉಣ್ಣೆಗೆ ಮಾತ್ರ. ಮಷೀನ್‌ನಲ್ಲಿ ಒಗೆಯಬಹುದು ಎಂದು ಬರೆದ ಉಣ್ಣೆ, ರೇಷ್ಮೆ, ಹತ್ತಿ ಇವು ಹಾಗೆ ಅಂಟಿಕೊಳ್ಳುವುದಿಲ್ಲ. ರೇಷ್ಮೆ ಜಾರುತ್ತದೆ, 15 ಸೆಂ.ಮೀ. ಬಾಲ ಬಿಟ್ಟು, ದಿಕ್ಕು ಬದಲಿಸುತ್ತ ಮೂರು ಸಲ ಸೂಜಿಯಲ್ಲಿ ಒಳಸೇರಿಸಿ.

ಮುಗಿದ ಮೇಲೆ ತೊಳೆಯಲು ಅಂಟುವಾಳದ ನೀರಿಗೆ ಸಮನಾದದ್ದು ಇಲ್ಲ. ನಾಲ್ಕೈದು ಕಾಯಿ ನೆನೆಸಿ ಕಿವುಚಿ, ಸೋಸಿ, ಅರ್ಧ ಬಕೆಟ್ ತಣ್ಣೀರಿಗೆ ಬೆರೆಸಿ ಹದಿನೈದು ನಿಮಿಷ ನೆನೆಯಿಡಿ. ಬಿಳಿ, ತಿಳಿ ಬಣ್ಣಕ್ಕೆ ನೀರು ತೆಳುವಾಗಿರಲಿ, ಇಲ್ಲವಾದರೆ ಮಂಕು ಹಿಡಿಯುತ್ತದೆ. ಹಿಂಡದೆ, ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ, ಚಾಪೆಯ ಮೇಲೆ ಹರಡಿ ಗುಂಡುಸೂಜಿ ಚುಚ್ಚಿ ನೆರಳಲ್ಲಿ ಒಣಗಿಸಿ. ಮಷೀನ್‌ನಲ್ಲಿ ಒಗೆಯುವ ಮೆರಿನೋ ಒದ್ದೆಯಾದಾಗ ಅಗಲವಾಗಿ ಬೆಳೆದುಬಿಡುತ್ತದೆ, ಅದನ್ನು ಎಳೆಯದೆ ಒತ್ತಾಗಿ ಅಳತೆಗೆ ಕೂಡಿಸಿ ಒಣಗಿಸಬೇಕು.

ಉಳಿದ ಐದಾರು ಮೀಟರ್ ನೂಲನ್ನು ಲೇಬಲ್ ಸುತ್ತಿ ರಿಪೇರಿಗೆಂದು ಇಟ್ಟುಕೊಳ್ಳಿ. ಇನ್ನೂ ಮುಟ್ಟದ ಲಡಿಗಳನ್ನು ಮಳೆಗಾಲಕ್ಕೆ ಮುಂಚೆ ಚೆನ್ನಾಗಿ ಆರಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಣ ಬೇವಿನೆಲೆಯ ಬಟ್ಟೆಗಂಟಿನ ಜೊತೆ ಇಡಿ. ನುಸಿಯ ಸಂಶಯವಿದ್ದರೆ ಗಾಳಿ ಹೋಗದ ಕವರ್‌ನಲ್ಲಿ ಹಾಕಿ ಫ್ರೀಜರ್‌ನಲ್ಲಿ ಎರಡು ವಾರ ಬಿಡಿ. ಹೊರತೆಗೆದ ಕೂಡಲೇ ಕವರ್ ತೆರೆಯಬಾರದು, ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಿರಿ, ಇಲ್ಲವಾದರೆ ಇಬ್ಬನಿ ಹಿಡಿದು ನೂಲು ಒದ್ದೆಯಾಗುತ್ತದೆ.