ಎಚ್‌ಐವಿ ವಿರುದ್ಧ ಹೊಸ ಸಂಯುಕ್ತದ ಪರೀಕ್ಷೆ: ಬೆಳಕು ಇಳಿದ ಮಾತ್ರಕ್ಕೆ ಔಷಧವಲ್ಲ

1985ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಹಿರೊಆಕಿ ಮಿತ್ಸುಯಾ ಎಜೆಡ್‌ಟಿ ಎಂಬ ಎಚ್‌ಐವಿ ಔಷಧವನ್ನು ಪರೀಕ್ಷಿಸಿದ್ದು ಎಟಿಎಚ್‌8 ಎಂಬ ಟಿ ಕೋಶಗಳಲ್ಲಿ. ವೈರಸ್ ಹಾಕಿದರೆ ಆ ಕೋಶಗಳು ಸಾಯುತ್ತವೆ. ಔಷಧ ಕೆಲಸ ಮಾಡಿದರೆ ಉಳಿಯುತ್ತವೆ. ಎಣಿಸುವುದು ಬದುಕಿದ ಕೋಶಗಳನ್ನೇ ಆದ್ದರಿಂದ, ಕೋಶಕ್ಕೆ ವಿಷವಾದ ವಸ್ತು ಔಷಧದ ವೇಷ ಹಾಕುವಂತಿರಲಿಲ್ಲ. ಈಗ ಅನೇಕ ಲ್ಯಾಬ್‌ಗಳು ಬಳಸುವ ಟಿಜೆಡ್‌ಎಂ-ಬಿಎಲ್ ಪರೀಕ್ಷೆ ಬೇಗ ಮುಗಿಯುತ್ತದೆ, ಆದರೆ ಈ ಕಾವಲು ಅದರಲ್ಲಿಲ್ಲ. ಲ್ಯಾಬ್‌ನಲ್ಲಿ ಬೆಳೆಸುವ ಹೀಲಾ ಎಂಬ ಮಾನವ ಕೋಶಕ್ಕೆ, ವೈರಸ್ ಒಳಹೊಗಲು ಬಳಸುವ ಸಿಡಿ4 ಮತ್ತು ಸಿಸಿಆರ್5 ಪ್ರೋಟೀನ್‌ಗಳನ್ನು ಸೇರಿಸಿ ಮಾಡಿದ ತಳಿ ಇದು. ವೈರಸ್ ಒಳಹೊಕ್ಕು ಅದರ ಟ್ಯಾಟ್ ಪ್ರೋಟೀನ್ ತಯಾರಾದರೆ ಲೂಸಿಫರೇಸ್ ಎಂಬ ಕಿಣ್ವ ಹುಟ್ಟುತ್ತದೆ, ಬೆಳಕು ಬರುತ್ತದೆ. ಔಷಧ ವೈರಸ್ಸನ್ನು ತಡೆದರೆ ಬೆಳಕು ಕಡಿಮೆ; ಆದರೆ ಕೋಶ ಸತ್ತರೂ ಬೆಳಕು ಕಡಿಮೆಯೇ.

ಪ್ಲೇಟ್ ಹೂಡುವುದು

96 ವೆಲ್‌ಗಳ (ಪುಟ್ಟ ಗುಳಿಗಳ) ಪ್ಲೇಟಿನಲ್ಲಿ ಅಂಚಿನ 36 ವೆಲ್‌ಗಳಿಗೆ ಬರೀ ಮೀಡಿಯಾ, ಅಂದರೆ ಕೋಶ ಬೆಳೆಸುವ ಪೋಷಕ ದ್ರವ ತುಂಬಿ. ಅಲ್ಲಿ ನೀರು ಬೇಗ ಆವಿಯಾಗಿ ಔಷಧದ ಸಾಂದ್ರತೆ ಏರುತ್ತದೆ, ಆ ಅಂಕಿಗಳನ್ನು ನಂಬುವಂತಿಲ್ಲ. ಒಳಗಿನ 60ರಲ್ಲಿ ಆರು ಸಾಲು, ಹತ್ತು ಕಾಲಮ್: ಮೂರು ಸಾಲು ಹೊಸ ಸಂಯುಕ್ತಕ್ಕೆ, ಮೂರು ಎಜೆಡ್‌ಟಿಗೆ. ಎಂಟು ಕಾಲಮ್ ಎಂಟು ಪ್ರಮಾಣಗಳಿಗೆ, ಒಂದು ವೈರಸ್ ಮಾತ್ರ, ಒಂದು ಕೋಶ ಮಾತ್ರ. ಹಿಂದಿನ ಸಂಜೆಯೇ ವೆಲ್‌ಗೆ 100 ಮೈಕ್ರೊಲೀಟರ್‌ನಲ್ಲಿ 10,000 ಕೋಶ ಹಾಕಿಡಿ.

ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿಟ್ಟ ಸಂಯುಕ್ತದ 10 ಮಿಲಿಮೋಲಾರ್ ಸ್ಟಾಕ್‌ನಿಂದ 4 ಮೈಕ್ರೊಲೀಟರ್ ತೆಗೆದು 996 ಮೈಕ್ರೊಲೀಟರ್ ಮೀಡಿಯಾಗೆ ಸೇರಿಸಿದರೆ 40 ಮೈಕ್ರೊಮೋಲಾರ್. ಇದರಿಂದ 200 ತೆಗೆದು 400 ಮೈಕ್ರೊಲೀಟರ್ ಮೀಡಿಯಾಗೆ, ಅದರಿಂದ ಮತ್ತೆ 200 ಮುಂದಿನದಕ್ಕೆ, ಹೀಗೆ ಎಂಟು ಟ್ಯೂಬ್. ಈ ಮೀಡಿಯಾದಲ್ಲೂ ಶೇ 0.4 ಡಿಎಂಎಸ್‌ಒ ಇರಲಿ. ಇಲ್ಲದಿದ್ದರೆ ಪ್ರಮಾಣದ ಜೊತೆ ಡಿಎಂಎಸ್‌ಒ ಕೂಡ ಇಳಿಯುತ್ತಾ ಹೋಗುತ್ತದೆ. ಪ್ರತಿ ಹಂತಕ್ಕೂ ಹೊಸ ಟಿಪ್. ಟಿಪ್ ಉಳಿಸಲು ಹೋದರೆ ಅಂಟಿಕೊಂಡ ಔಷಧ ಕೆಳಗಿನ ಟ್ಯೂಬ್‌ಗಳಿಗೂ ಹೋಗಿ, ಸಂಯುಕ್ತ ಇರುವುದಕ್ಕಿಂತ ಪ್ರಬಲವಾಗಿ ಕಾಣುತ್ತದೆ.

ಕೋಶಗಳಿಗೆ 50 ಮೈಕ್ರೊಲೀಟರ್ ಔಷಧ ಹಾಕಿ. ನಿಯಂತ್ರಣ ಕಾಲಮ್‌ಗಳಿಗೆ ಅಷ್ಟೇ ಡಿಎಂಎಸ್‌ಒ ಮೀಡಿಯಾ. ವೈರಸ್ ಸೇರಿಸಲು ಕನಿಷ್ಠ ಒಂದು ಗಂಟೆ ಕಾಯಿರಿ. ಎಜೆಡ್‌ಟಿಯಂಥವಕ್ಕೆ ಕೋಶವೇ ಮೂರು ಫಾಸ್ಫೇಟ್ ಜೋಡಿಸಬೇಕು, ಅಲ್ಲಿಯವರೆಗೆ ಅವು ನಿಷ್ಕ್ರಿಯ. ನಂತರ ಪ್ರತಿ ಮಿಲಿಲೀಟರ್‌ಗೆ 40 ಮೈಕ್ರೊಗ್ರಾಂ ಡಿಇಎಇ-ಡೆಕ್ಸ್‌ಟ್ರಾನ್ (ವೈರಸ್ ಕೋಶಕ್ಕೆ ಅಂಟಲು ನೆರವಾಗುವ ವಸ್ತು) ಇರುವ ಮೀಡಿಯಾದಲ್ಲಿ ವೈರಸ್, 50 ಮೈಕ್ರೊಲೀಟರ್. ವೆಲ್‌ನಲ್ಲಿ ಒಟ್ಟು 200. ಔಷಧ ನಾಲ್ಕು ಪಟ್ಟು ತೆಳುವಾಗಿ 10 ಮೈಕ್ರೊಮೋಲಾರ್‌ನಿಂದ ಸುಮಾರು 4.6 ನ್ಯಾನೊಮೋಲಾರ್‌ವರೆಗೆ ಇರುತ್ತದೆ. 37 ಡಿಗ್ರಿಯಲ್ಲಿ 48 ಗಂಟೆ. 100 ಮೈಕ್ರೊಲೀಟರ್ ತೆಗೆದು ಅಷ್ಟೇ ಲೂಸಿಫರೇಸ್ ದ್ರಾವಣ ಹಾಕಿ, ಎರಡು ನಿಮಿಷ ಬಿಟ್ಟು, 150ನ್ನು ಕಪ್ಪು ಪ್ಲೇಟ್‌ಗೆ ಸಾಗಿಸಿ ಅಳೆಯಿರಿ. ವೈರಸ್ ಮಾತ್ರ ಇರುವ ವೆಲ್‌ಗಳ ಬೆಳಕು ಕೋಶ ಮಾತ್ರ ಇರುವವುಗಳ ಹತ್ತು ಪಟ್ಟಾದರೂ ಇರಬೇಕು. ಇಲ್ಲದಿದ್ದರೆ ಆ ಪ್ಲೇಟ್ ಬಿಟ್ಟುಬಿಡಿ, ಸರಾಸರಿ ತೆಗೆದು ಸಮಾಧಾನ ಪಡಬೇಡಿ.

ಮೋಸ ಎಲ್ಲೆಲ್ಲಿ

ವೈರಸ್ ಇಲ್ಲದ ಇನ್ನೊಂದು ಪ್ಲೇಟಿಗೆ ಅದೇ ಟ್ಯೂಬ್‌ಗಳ ಔಷಧ ಹಾಕಿ, ಅದೇ 48 ಗಂಟೆಯ ನಂತರ ಎಷ್ಟು ಕೋಶ ಬದುಕಿವೆ ಎಂದು ತೋರುವ ಎಂಟಿಟಿ ಅಥವಾ ಎಟಿಪಿ ಅಳತೆ ಮಾಡಿ. ಇದನ್ನು ‘ಆಮೇಲೆ ನೋಡೋಣ’ ಎಂದು ಮುಂದೂಡುವವರೇ ಹೆಚ್ಚು. ಅರ್ಧದಷ್ಟು ಕೋಶ ಸಾಯುವ ಪ್ರಮಾಣವನ್ನು ಅರ್ಧದಷ್ಟು ವೈರಸ್ ತಡೆಯುವ ಪ್ರಮಾಣದಿಂದ ಭಾಗಿಸಿ. ಉತ್ತರ ಎರಡೋ ಮೂರೋ ಬಂದರೆ ನಿಮ್ಮ ಕೈಯಲ್ಲಿರುವುದು ವಿಷವೇ ಇರಬಹುದು.

ಕೆಲವು ಸಂಯುಕ್ತಗಳು ವೈರಸ್ಸನ್ನೂ ಕೋಶವನ್ನೂ ಮುಟ್ಟದೆ ಲೂಸಿಫರೇಸ್ ಕಿಣ್ವವನ್ನೇ ತಡೆಯುತ್ತವೆ. ಪರಿಹಾರ ಕೋಶದಲ್ಲೇ ಇದೆ: ಅದಕ್ಕೆ ಬೀಟಾ-ಗ್ಯಾಲಕ್ಟೊಸಿಡೇಸ್ ಎಂಬ ಎರಡನೇ ಸೂಚಕವೂ ಇದೆ. ನೀಲಿ ಬಣ್ಣ ಬರಿಸಿ ಕೋಶಗಳನ್ನು ಎಣಿಸಿ. ಬೆಳಕು ಇಳಿದು ನೀಲಿ ಇಳಿಯದಿದ್ದರೆ ಸಂಯುಕ್ತವನ್ನು ಕೈಬಿಡಿ.

ತದ್ವಿರುದ್ಧ ಮೋಸವೂ ಉಂಟು. ಮಿತ್ಸುಯಾ ಅವರೇ ರೂಪಿಸಲು ನೆರವಾದ, 2006ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡರುನವಿರ್ ಈ ಪ್ಲೇಟಿನಲ್ಲಿ ಸಪ್ಪೆಯಾಗಿ ಕಾಣುತ್ತದೆ. ಅದರಂತೆ ವೈರಸ್‌ನ ಪ್ರೋಟಿಯೇಸ್ ಕಿಣ್ವವನ್ನು ತಡೆಯುವ ಔಷಧ ಕೆಲಸ ಮಾಡುವುದು ಹೊರಬರುವ ಹೊಸ ವೈರಸ್ ಪಕ್ವವಾಗುವಾಗ. ಬೆಳಕು ಅದಕ್ಕೂ ಮೊದಲೇ ಬಂದಿರುತ್ತದೆ. ಇಂಥವನ್ನು ವೈರಸ್ ತಯಾರಿಸುವ 293ಟಿ ಕೋಶಗಳಿಗೇ ಹಾಕಿ, 48 ಗಂಟೆಯ ನಂತರ ಮೇಲಿನ ದ್ರವವನ್ನು ಟಿಜೆಡ್‌ಎಂ-ಬಿಎಲ್ ಮೇಲೆ ಸುರಿದು ನೋಡಬೇಕು.

ಲ್ಯಾಬ್‌ಗಳಲ್ಲಿ ಹೆಸರಾಂತ ಎನ್‌ಎಲ್4-3, ಎಚ್‌ಐವಿಯ ಬಿ ಉಪಪ್ರಕಾರದ ವೈರಸ್. ಭಾರತದಲ್ಲಿ ಹರಡಿರುವುದು ಬಹುಪಾಲು ಸಿ. ಬಿ ಉಪಪ್ರಕಾರದ ಎಲ್‌ಟಿಆರ್‌ನಲ್ಲಿ (ವೈರಸ್‌ನ ಜೀನ್‌ಗಳನ್ನು ಚಾಲೂ ಮಾಡುವ ಭಾಗ) ಸಾಮಾನ್ಯವಾಗಿ ಅದನ್ನು ಪ್ರಚೋದಿಸುವ ಎರಡು ಎನ್‌ಎಫ್-ಕಪ್ಪಾ-ಬಿ ತಾಣಗಳಿದ್ದರೆ ಸಿಯಲ್ಲಿ ಮೂರು; ನಾಲ್ಕಿರುವ ತಳಿಗಳನ್ನೂ ಬೆಂಗಳೂರಿನ ಜಕ್ಕೂರಿನ ಜೆಎನ್‌ಸಿಎಎಸ್‌ಆರ್‌ನಲ್ಲಿ ಉದಯಕುಮಾರ್ ರಂಗ ಅವರ ತಂಡ ಅಧ್ಯಯನ ಮಾಡಿದೆ. ಸಿ ಉಪಪ್ರಕಾರದ ಇಂಡಿ-ಸಿ1 ಕ್ಲೋನ್‌ನಲ್ಲೂ ಪರೀಕ್ಷಿಸದೆ ಪ್ರಬಂಧ ಬರೆಯಲು ಕೂರಬೇಡಿ.

ಇನ್ನು ಸುರಕ್ಷತೆ: ಒಂದೇ ಸುತ್ತು ಸೋಂಕುವ ಸ್ಯೂಡೊವೈರಸ್ ಸಾಕಾದರೆ ಅದನ್ನೇ ಬಳಸಿ. ಎರಡು ಜೊತೆ ಗ್ಲೌಸ್ ತೊಡಿ, ಗಾಜು ಮತ್ತು ಸೂಜಿ ದೂರವಿರಲಿ, ಬ್ಲೀಚ್ ದ್ರಾವಣ ಆಗಾಗ ಹೊಸದಾಗಿ ಬೆರೆಸಿ. ಜೀವಂತ ವೈರಸ್ ಇರುವಾಗ ಚುಚ್ಚಿಕೊಂಡರೆ ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ. ಎಚ್‌ಐವಿ ಸೋಂಕು ತಡೆಯುವ ಮಾತ್ರೆ ಆದಷ್ಟು ಬೇಗ, ಹೇಗಿದ್ದರೂ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ನಡೆಯಬೇಕು. ಆ ಮಾತ್ರೆ ಸಿಗುವ ಹತ್ತಿರದ ಆಸ್ಪತ್ರೆ ಯಾವುದೆಂದು ಮೊದಲೇ ಲ್ಯಾಬ್ ಬಾಗಿಲಿಗೆ ಬರೆದು ಅಂಟಿಸಿ.