ನೀರು ಹೊತ್ತೊಯ್ಯುವ ಬಿಸಿ

ಡಿಸೆಂಬರ್ ಚಳಿಗೆ ಬಕೆಟ್ಟಿನಲ್ಲಿ ಹೀಟರ್ ರಾಡ್ ಇಳಿಬಿಟ್ಟು ನೀರು ಕಾಯಿಸುವ ಮನೆಗಳು ಬೆಂಗಳೂರಿನಲ್ಲಿ ಇಂದಿಗೂ ಬಹಳ ಇವೆ. ಎತ್ತರದ ಬಕೆಟ್ಟಿಗೆ ಗಿಡ್ಡ ರಾಡು ಹಾಕಿ, ಮೇಲೆ ಹಬೆಯಾಡುವುದನ್ನು ಕಂಡು ನೀರು ಕಾಯಿತೆಂದು ತಿಳಿಯುವುದು ಸಾಮಾನ್ಯವಾಗಿ ಆಗುವ ತಪ್ಪು. ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತ ಮೇಲೆ (ಅದಕ್ಕೆ ಮೊದಲು ನೀರಿಗೆ ಬೆರಳನ್ನೂ ಅದ್ದಬಾರದು) ಕೈಯನ್ನು ತಳದವರೆಗೆ ಇಳಿಸಿ ನೋಡಿ: ಮೇಲಿನ ನೀರು ಸುಡುತ್ತಿರುತ್ತದೆ, ತಳದ ನಾಲ್ಕು ಬೆರಳಿನಷ್ಟು ನೀರು ಸಂಪಿನಿಂದ ಆಗಷ್ಟೇ ಬಂದಂತೆ ತಣ್ಣಗಿರುತ್ತದೆ.

ನೀರು ತನ್ನೊಳಗಿನ ಬಿಸಿಯನ್ನು ಪಕ್ಕದ ನೀರಿಗೆ ಸುಲಭವಾಗಿ ದಾಟಿಸುವುದಿಲ್ಲ. ಈ ಕೆಲಸದಲ್ಲಿ ತಾಮ್ರವು ನೀರಿಗಿಂತ ಆರುನೂರು ಪಟ್ಟಿಗೂ ಹೆಚ್ಚು ಚುರುಕು. ಹಾಗಿದ್ದೂ ಹಂಡೆಯ ನೀರು ಪೂರ್ತಿ ಕಾಯುತ್ತದೆಯೆಂದರೆ ಅದಕ್ಕೆ ಕಾರಣ ನೀರೇ ಎದ್ದು ನಡೆಯುವುದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 998 ಗ್ರಾಂ ತೂಗುತ್ತದೆ, 60 ಡಿಗ್ರಿಯಲ್ಲಿ ಅಷ್ಟೇ ನೀರು ಸುಮಾರು 983 ಗ್ರಾಂ. ಈ ಹದಿನೈದು ಗ್ರಾಮಿನ ವ್ಯತ್ಯಾಸದಿಂದಲೇ ತಳದಲ್ಲಿ ಕಾದ ನೀರು ಹಗುರಾಗಿ ಮೇಲೇಳುತ್ತದೆ, ತಣ್ಣನೆಯ ನೀರು ಭಾರವಾಗಿ ಇಳಿದು ಅದರ ಜಾಗ ತುಂಬುತ್ತದೆ. ಶಾಲೆಯ ಪುಸ್ತಕದಲ್ಲಿ ಇದನ್ನು ಉಷ್ಣ ಸಂವಹನ ಎನ್ನುತ್ತಾರೆ. ದ್ರವಕ್ಕೂ ಗಾಳಿಗೂ ನಿಯಮ ಒಂದೇ. ಮೇಲಿನಿಂದ ಕಾಯಿಸಿದರೆ ಹಗುರಾದ ನೀರು ಮೇಲೆಯೇ ನಿಂತುಬಿಡುತ್ತದೆ. ಆದ್ದರಿಂದ ರಾಡಿನ ಸುರುಳಿ ಬಕೆಟ್ಟಿನ ತಳದ ಹತ್ತಿರಕ್ಕೆ ಬರುವಂತೆ, ಆದರೆ ತಳಕ್ಕೆ ತಾಗದಂತೆ ಇರಬೇಕು.

ಇದೇ ನಿಯಮವನ್ನು ನಾನು ಚೆನ್ನಾಗಿ ಕಲಿತದ್ದು ನಮ್ಮ ಮನೆಯ ತಾರಸಿಯ ಮೇಲೆ. ಸೋಲಾರ್ ಹೀಟರಿನ ಪ್ಯಾನೆಲ್‌ನಲ್ಲಿ ಕಾದ ನೀರು ಮೇಲಿನ ಕೊಳವೆಯಿಂದ ಟ್ಯಾಂಕಿಗೆ ಏರುತ್ತದೆ, ಟ್ಯಾಂಕಿನ ತಳದ ತಣ್ಣೀರು ಇನ್ನೊಂದು ಕೊಳವೆಯಿಂದ ಪ್ಯಾನೆಲಿನ ಬುಡಕ್ಕೆ ಇಳಿಯುತ್ತದೆ; ಪಂಪಿನ ನೆರವಿಲ್ಲದೆ ಬಿಸಿಲಿರುವಷ್ಟು ಹೊತ್ತೂ ಈ ಸುತ್ತಾಟ ನಡೆಯುತ್ತದೆ. ತಾರಸಿಗೆ ಗಾರೆ ಹಾಕಿಸಿದಾಗ ಕೆಲಸದವರು ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದರು. ಅಂದಿನಿಂದ ಸಂಜೆ ಕುದಿಯುವಂತಿದ್ದ ನೀರು ಬೆಳಗಾಗುವಷ್ಟರಲ್ಲಿ ಉಗುರುಬೆಚ್ಚಗಾಗತೊಡಗಿತು. "ಅತ್ತೆ, ಟ್ಯಾಂಕಿನ ಹೊದಿಕೆ ಹಾಳಾಗಿರಬೇಕು, ಹೊಸದು ತರಿಸೋಣ" ಎಂದು ಸೊಸೆ ಹೇಳಿದಳು. ನಾನು ಬೆಳಗಿನ ಐದು ಗಂಟೆಗೆ, ಇನ್ನೂ ಕತ್ತಲಿರುವಾಗಲೇ, ಮೆಟ್ಟಿಲು ಹತ್ತಿ ಪ್ಯಾನೆಲಿನ ಮೇಲ್ತುದಿಯ ಕೊಳವೆಯನ್ನು ಮುಟ್ಟಿ ನೋಡಿದೆ. ಮಂಜು ಬಿದ್ದು ತಣ್ಣಗಿರಬೇಕಾದ ಕೊಳವೆ ಬೆಚ್ಚಗಿತ್ತು. ಸ್ಟ್ಯಾಂಡಿನ ಕಾಲು ಕತ್ತರಿಸಿದ್ದರಿಂದ ಟ್ಯಾಂಕು ಪ್ಯಾನೆಲಿನ ಮಟ್ಟಕ್ಕೇ ಇಳಿದಿತ್ತು. ರಾತ್ರಿ ಪ್ಯಾನೆಲಿನೊಳಗಿನ ನೀರು ತಣಿದು ಭಾರವಾಗಿ ಹಿಂದಕ್ಕೆ ಹರಿಯುತ್ತ, ಹಗಲು ಕೂಡಿಟ್ಟ ಬಿಸಿಯನ್ನು ಟ್ಯಾಂಕಿನಿಂದ ಎಳೆದುಕೊಂಡು ಆಕಾಶಕ್ಕೆ ಬಿಡುತ್ತಿತ್ತು. ಟ್ಯಾಂಕಿನ ತಳವು ಪ್ಯಾನೆಲಿನ ತುದಿಗಿಂತ ಒಂದಡಿ ಮೇಲಿರುವಂತೆ ಸ್ಟ್ಯಾಂಡ್ ಎತ್ತರಿಸಿದ ಮೇಲೆ ತೊಂದರೆ ತಪ್ಪಿತು. ಬಿಸಿನೀರಿನ ಕೊಳವೆ ಟ್ಯಾಂಕಿನ ಕಡೆಗೆ ಏರುತ್ತಲೇ ಹೋಗಬೇಕು. ನಡುವೆ ಡುಬ್ಬದಂತೆ ಎದ್ದು ಇಳಿದರೆ ಅಲ್ಲಿ ಗಾಳಿ ಸೇರಿ ಹರಿವು ನಿಲ್ಲುತ್ತದೆ. ಬೋರ್‌ವೆಲ್ ನೀರು ಬಳಸುವವರು ಕೊಳವೆಗಳೊಳಗೆ ಕಟ್ಟುವ ಸುಣ್ಣದಂಥ ಬಿಳಿ ಪದರವನ್ನು ಆಗಾಗ ತೆಗೆಸಲೇಬೇಕು, ಏಕೆಂದರೆ ಹದಿನೈದು ಗ್ರಾಮಿನಂಥ ಸಣ್ಣ ವ್ಯತ್ಯಾಸದ ಬಲದಿಂದ ನಡೆಯುವ ಹರಿವಿಗೆ ಸಣ್ಣ ತಡೆಯೂ ದೊಡ್ಡದೇ.

ಅಡುಗೆಮನೆಯಲ್ಲಿ ಈ ಹರಿವು ನಿಂತುಹೋಗುವುದನ್ನು ರಾಗಿ ಗಂಜಿಯಲ್ಲಿ ನೋಡಬಹುದು. ಹಿಟ್ಟು ಕದಡಿದ ನೀರು ತೆಳ್ಳಗಿರುವವರೆಗೆ ತಾನೇ ಸುತ್ತುತ್ತದೆ. ಕಾವು ಏರಿ ಹಿಟ್ಟು ಅರಳಿ ಗಂಜಿ ದಪ್ಪಗಾದೊಡನೆ ತಳದ ಪದರ ಮೇಲೇಳಲಾರದೆ ಉರಿಯ ಮೇಲೆಯೇ ಕುಳಿತು ಸೀದುಹೋಗುತ್ತದೆ. ಮೊದಲಿನಿಂದಲೂ ಕೈಯಾಡಿಸಿ ದಣಿಯುವುದಕ್ಕಿಂತ, ದಪ್ಪಗಾಗುವ ಆ ಗಳಿಗೆಯಲ್ಲಿ ಉರಿ ತಗ್ಗಿಸಿ ಸೌಟನ್ನು ಪಾತ್ರೆಯ ತಳಕ್ಕೆ ಒತ್ತಿ ತಿರುವುವುದು ಮುಖ್ಯ. ಗಂಟಾಗದಂತೆ ಆರಂಭದಲ್ಲಿ ಒಂದೆರಡು ಸಲ ಕದಡಿದರೆ ಸಾಕು. ಪಾಯಸಕ್ಕೂ ಇದೇ ಮಾತು.

ಹಾಲಿಗೆ ಹೆಪ್ಪು ಹಾಕುವಾಗ ಇದು ತಿರುವುಮುರುವಾಗುತ್ತದೆ. ಕಾಯಿಸಿದ ಹಾಲನ್ನು ನೀರಿನ ತಟ್ಟೆಯಲ್ಲಿಟ್ಟು ಆರಿಸಿದರೆ ಪಾತ್ರೆಯ ಗೋಡೆಗೆ ತಾಗಿದ ಹಾಲು ತಣಿದು ತಳಕ್ಕಿಳಿಯುತ್ತದೆ, ಕೆನೆಯ ಕೆಳಗಿನ ಹಾಲು ಬಹಳ ಹೊತ್ತು ಬಿಸಿಯಾಗಿಯೇ ಉಳಿಯುತ್ತದೆ. ಮೇಲೆ ಬೆರಳಿಟ್ಟು ಹದ ನೋಡಿದರೆ ಮೋಸಹೋಗುತ್ತೀರಿ. ಒಮ್ಮೆ ತಳದಿಂದ ತಿರುವಿ, ಆಮೇಲೆ ಬೆರಳಿಡಿ.

ಇನ್ನು ಗವಾಕ್ಷಿಗಳ ವಿಷಯ. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಸೂರಿನ ಹತ್ತಿರ ಬಿಡುತ್ತಿದ್ದ ಈ ಕಿಂಡಿಗಳನ್ನು ಧೂಳು, ಸೊಳ್ಳೆಯ ಭಯಕ್ಕೆ ರಟ್ಟು ಬಡಿದು ಮುಚ್ಚಿರುವುದನ್ನು ಕಂಡಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಒಲೆಯಿಂದ, ಜನರಿಂದ ಬಿಸಿಯಾದ ಗಾಳಿ ಮೇಲೇರಿ ಹೊರಹೋಗುವ ಬಾಗಿಲು ಅದು. ರಟ್ಟು ತೆಗೆದು ಸೊಳ್ಳೆ ಜಾಲರಿ ಹಾಕಿಸಿ, ಏಪ್ರಿಲ್ ಸಂಜೆ ಹೊರಗಿನ ಗಾಳಿ ತಣಿದ ಮೇಲೆ ನೆರಳಿನ ಕಡೆಯ ಕಿಟಕಿಯನ್ನೂ ಗವಾಕ್ಷಿಯನ್ನೂ ಒಟ್ಟಿಗೆ ತೆರೆದಿಡಿ. ಒಂದನ್ನೇ ತೆರೆದರೆ ಹರಿವು ಸರಿಯಾಗಿ ಸಾಗುವುದಿಲ್ಲ. ಹೊರಗೆ ಗಾಳಿ ಬೀಸದ ಹೊತ್ತಿನಲ್ಲಿ ಊದುಬತ್ತಿ ಹಚ್ಚಿ ಕಿಟಕಿಯ ಕೆಳ ಅಂಚಿನಲ್ಲಿ ಹಿಡಿದರೆ ಹೊಗೆಯ ಎಳೆ ಒಳಕ್ಕೆ ಬಾಗುತ್ತದೆ, ಅದನ್ನೇ ಸ್ಟೂಲು ಹತ್ತಿ ಗವಾಕ್ಷಿಯ ಬಳಿ ಹಿಡಿದರೆ ಹೊರಕ್ಕೆ ಜಾರುತ್ತದೆ.