ದೂರಿನಿಂದ ಇಂಡೆಂಟಿಗೆ: ಹಿಮೋಫಿಲಿಯಾ ಪೋಷಕರ ಸಭೆಗಳು

ನನ್ನ ಮಗನಿಗೆ ಹಿಮೋಫಿಲಿಯಾ ಎ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ, ಹುಟ್ಟಿನಿಂದ ಬರುವ ಕಾಯಿಲೆ. ಏಟು ಬೀಳದಿದ್ದರೂ ಮೊಣಕಾಲಿನ ಗಂಟಿನೊಳಗೆ ರಕ್ತ ತುಂಬಿಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ, ಅವನಲ್ಲಿ ಕಡಿಮೆ ಇರುವ ಪ್ರೋಟೀನ್ ಫ್ಯಾಕ್ಟರ್ 8. ಅದರ ಇಂಜೆಕ್ಷನ್ ತಡವಾದಷ್ಟೂ ಗಂಟು ಹಾಳು. ಉಡುಪಿಯಲ್ಲಿ ನಾವು ಪೋಷಕರು ಸೇರಿದಾಗೆಲ್ಲ ದೂರು ಒಂದೇ: "ಹೋದ್ರೆ ಸ್ಟಾಕ್ ಇಲ್ಲ ಅಂತಾರೆ." ಬಂದ ಅಧಿಕಾರಿಗಳು ಕೇಳಿ, "ನೋಡುವ" ಎಂದು ಹೋಗುತ್ತಿದ್ದರು. ಅವರಿಗೆ ಮನಸ್ಸಿಲ್ಲವೆಂದಲ್ಲ. ಆದರೆ ಸರ್ಕಾರಿ ಆಸ್ಪತ್ರೆಗೆ ಔಷಧ ಬರುವುದು ಇಂಡೆಂಟ್, ಅಂದರೆ ಇಷ್ಟು ಬೇಕೆಂಬ ಲಿಖಿತ ಬೇಡಿಕೆ, ಹಾಕಿದರೆ.

ಹಾಗಾಗಿ ಇಂಡೆಂಟಿಗೆ ಬೇಕಾದ ಲೆಕ್ಕವನ್ನೇ ಸಭೆಯಲ್ಲಿ ಮಾಡಲು ಶುರು ಮಾಡಿದೆವು. ಬೈಂದೂರಿನಿಂದ ಕಾರ್ಕಳದ ತನಕ ಯಾರಿಗೆ ಯಾವ ಫ್ಯಾಕ್ಟರ್, ತೂಕ ಎಷ್ಟು, ವರ್ಷಕ್ಕೆ ಎಷ್ಟು ಸಲ ರಕ್ತಸ್ರಾವ. ಕಿಲೋ ತೂಕಕ್ಕೆ 1 ಯೂನಿಟ್ ಕೊಟ್ಟರೆ ಫ್ಯಾಕ್ಟರ್ 8ರ ಮಟ್ಟ ಸುಮಾರು ಶೇ. 2 ಏರುತ್ತದೆ. 20 ಕಿಲೋ ಮಗುವಿಗೆ ಶೇ. 40 ಏರಿಸಬೇಕಾದರೆ 400 ಯೂನಿಟ್. ಅದೂ 8ರಿಂದ 12 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ, ಮತ್ತೆ ಕೊಡಬೇಕಾಗಬಹುದು. ಇನ್‌ಹಿಬಿಟರ್, ಅಂದರೆ ಕೊಟ್ಟ ಫ್ಯಾಕ್ಟರನ್ನೇ ತಡೆಯುವ ಪ್ರತಿಕಾಯ, ಬಂದವರಿಗೆ ಬೇರೆ ಕಾಲಂ. ಅವರಿಗೆ ಮಾಮೂಲಿ ಫ್ಯಾಕ್ಟರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ವೈದ್ಯರೊಬ್ಬರು ಲೆಕ್ಕ ತಿದ್ದಿ ಸಹಿ ಹಾಕಿದರು. ಪಟ್ಟಿಯಲ್ಲಿ ಹೆಸರು ಬೇಡ, ನಂಬರ್ ಸಾಕು ಎಂದು ನಾನು ಹಟ ಹಿಡಿದೆ. ಈ ಕಾಯಿಲೆ ತಾಯಿಯಿಂದ ಮಗನಿಗೆ ಬರಬಹುದು; ಮನೆಯ ಹೆಣ್ಣುಮಕ್ಕಳ ಮದುವೆ ಮಾತಾಡುವ ಹೊತ್ತಿಗೆ ಇಂಥ ಪಟ್ಟಿ ಊರಿಡೀ ತಿರುಗಬಾರದು, ಅಲ್ವಾ?

ಜೊತೆಗೆ ಒಂದು ರಿಜಿಸ್ಟರ್. ಏನು ಕೆಲಸ, ಯಾರು, ಯಾವ ತಾರೀಕಿಗೆ. ಏಳುವ ಮೊದಲು ಗಟ್ಟಿಯಾಗಿ ಓದುತ್ತೇವೆ, ಒಪ್ಪಿಕೊಂಡವರು ಸಹಿ ಹಾಕುತ್ತಾರೆ. ಮುಂದಿನ ಸಭೆ ಆ ಪುಟದಿಂದಲೇ ಶುರು, ಭಾಷಣ ಆಮೇಲೆ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ: ಇಂಡೆಂಟ್ ಎಷ್ಟು, ಬಂದದ್ದೆಷ್ಟು? 30 ದಿನದೊಳಗೆ ಹೇಳಬೇಕು.

ಹೀಗೆ ಕೂತು ಓದುವಾಗಲೇ ಇನ್ನೊಂದು ಸಂಗತಿ ಹೊರಬಿತ್ತು. ಸ್ಟಾಕ್ ಇದ್ದರೂ ರಾತ್ರಿ ಔಷಧ ಸಿಗುತ್ತಿರಲಿಲ್ಲ. ಫ್ರಿಜ್ ಇದ್ದ ಸ್ಟೋರಿಗೆ ಸಂಜೆಯೇ ಬೀಗ. ಕುಂದಾಪುರ ಕಡೆಯ ತಾಯಿಯೊಬ್ಬರು ಎದ್ದು, "ಡಾಕ್ಟ್ರೇ, ರಾತ್ರಿ ಬೀಗದ ಕೈ ಯಾರ ಹತ್ರ ಇರ್ತದೆ?" ಎಂದು ಕೇಳಿದರು. ಒಂದಷ್ಟು ವಯಲ್ ತುರ್ತು ವಿಭಾಗದ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇಡುವುದೆಂದು ಬರೆದೆವು. ಅಲ್ಲಿನ ಸಿಸ್ಟರ್ ಒಬ್ಬರು ಜವಾಬ್ದಾರಿ ಹೊತ್ತರು. ಅದು ಆಯಿತು.

ಇನ್ನೂ ಆಗದ್ದು, ರಕ್ತಸ್ರಾವ ಆಗುವ ಮೊದಲೇ ವಾರಕ್ಕೆ ಎರಡು ಮೂರು ಸಲ ಕೊಡುವ ಇಂಜೆಕ್ಷನ್. ಮಕ್ಕಳ ಗಂಟು ಉಳಿಸುವುದು ಅದೇ. ಔಷಧ ಜಾಸ್ತಿ ಬೇಕು, ನಿಜ. ತೀರಾ ಚಿಕ್ಕ ಮಕ್ಕಳಿಂದಲಾದರೂ ಶುರು ಮಾಡಿ ಎಂದು ತೂಕದ ಲೆಕ್ಕ ಸಮೇತ ಕೊಟ್ಟಿದ್ದೇವೆ. ಯಾರು ಉತ್ತರಿಸಬೇಕು, ಯಾವ ತಾರೀಕಿಗೆ ಎಂಬುದಕ್ಕೂ ಸಹಿ ಬಿದ್ದಿದೆ.